ಊಟ ಹೇಗಿದೆ ಅಂತ ಕೇಳಿದರೆ ಸಾಲದು... (ವೃದ್ಧಾಶ್ರಮಗಳ ಒಂದು ಪುಟ್ಟ ಇತಿಹಾಸ)

ವೃದ್ಧಾಶ್ರಮ ಅಂದ ಕೂಡಲೇ ನಮಗೆಲ್ಲ ಕನ್ನಡ ಸಿನಿಮಾದ ಕೊನೆಯ ಅರ್ಧ ಗಂಟೆ ನೆನಪಾಗುತ್ತದೆ. ಗೇಟಿನ ಹತ್ತಿರ ಕಾರು ನಿಲ್ಲುತ್ತದೆ, ಒಂದು ಟ್ರಂಕು ಕೆಳಗಿಳಿಯುತ್ತದೆ, ಹಿನ್ನೆಲೆಯಲ್ಲಿ ಪಿಟೀಲು. ಹಾಗಾಗಿ ನಮ್ಮ ಚರ್ಚೆಯೆಲ್ಲ "ಕಳಿಸಬೇಕಾ, ಬೇಡವಾ" ಎಂಬಲ್ಲಿಗೇ ನಿಂತುಬಿಡುತ್ತದೆ. ಎರಡನೇ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಹೋಗಲೇಬೇಕಾದ ಸಂದರ್ಭ ಬಂದರೆ ಎಂಥ ಜಾಗ ನೋಡಬೇಕು? ಒಳ್ಳೆಯದು ಅಂತ ಗೊತ್ತಾಗುವುದು ಹೇಗೆ?

ಈ ಎರಡನೇ ಪ್ರಶ್ನೆ ನಮ್ಮ ಮನೆಗೇ ಬಂದಿದೆ. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಸಾಗರದ ಹತ್ತಿರ ಒಬ್ಬರೇ ಇದ್ದಾರೆ. ವಯಸ್ಸು 81. ಮಕ್ಕಳಿಲ್ಲ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರೇ ಫೋನ್ ಮಾಡಿ, "ನಿನ್ನ ಬೆಂಗಳೂರಿನ ಮೂರನೇ ಮಹಡಿ ನಂಗೆ ಬೇಡ, ಎಲ್ಲಾದರೂ ಒಂದು ಒಳ್ಳೇ ಜಾಗ ನೋಡು" ಅಂದರು. ನೆಂಟರೆಲ್ಲ "ಜನ ಏನಂದಾರು" ಅನ್ನುತ್ತಿದ್ದಾರೆ. ನಾನು ಜಾಗ ನೋಡಲು ಹೊರಟೆ. ಎಲ್ಲ ಬ್ರೋಶರುಗಳಲ್ಲೂ ಅದೇ ಹುಲ್ಲುಹಾಸು, ಅದೇ ನಗುವ ಅಜ್ಜ-ಅಜ್ಜಿ. ಏನು ಕೇಳಬೇಕು ಅಂತಲೇ ತಿಳಿಯದೆ ರಾತ್ರಿ ಕೂತು ಈ ಮನೆಗಳ ಇತಿಹಾಸ ಓದತೊಡಗಿದೆ. ನಾವು ಕೇಳಬೇಕಾದ ಪ್ರಶ್ನೆಗಳೆಲ್ಲ ಅಲ್ಲಿಯೇ ಇವೆ. ಒಂದೊಂದು ಪ್ರಶ್ನೆಯೂ ಯಾರೋ ಒಬ್ಬ ಮುದುಕ, ಮುದುಕಿ ಅನುಭವಿಸಿದ ಮೇಲೆ ಹುಟ್ಟಿದ್ದು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ದಾನದ ಕಾಲ

"ವೃದ್ಧಾಶ್ರಮ ಪಾಶ್ಚಾತ್ಯರದ್ದು, ನಮ್ಮದಲ್ಲ" ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಅರ್ಧ ನಿಜ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ದೇವಸ್ಥಾನ ನೋಡಿರುತ್ತೀರಿ. ಅಲ್ಲಿದ್ದ ಕೋಡಿಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಪಾಠ ಹೇಳುವ ಜಾಗ ಮಾತ್ರವಲ್ಲ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುವ, ರೋಗಿಗಳಿಗೆ ಔಷಧ ಕೊಡುವ ಜಾಗ ಅದು ಅನ್ನುತ್ತದೆ ಶಾಸನ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1136ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನ ಪಾಂಟೊಕ್ರೇಟರ್ ಮಠಕ್ಕೆ ಚಕ್ರವರ್ತಿ ಎರಡನೇ ಜಾನ್ ಕೊಮ್ನೆನೋಸ್ ನಿಯಮಾವಳಿ ಬರೆಸಿದ. ಅದರಲ್ಲಿ 50 ಹಾಸಿಗೆಯ ಆಸ್ಪತ್ರೆಯ ಜೊತೆಗೆ 24 ಮಂದಿ ಮುದುಕರಿಗೆ ಪ್ರತ್ಯೇಕ ಮನೆಯೂ ಇತ್ತು. ಗ್ರೀಕಿನಲ್ಲಿ ಅದಕ್ಕೆ ಗೆರೊಕೊಮಿಯಾನ್ ಎಂಬ ಪದವೇ ಇತ್ತು. ಅಂದರೆ ದಿಕ್ಕಿಲ್ಲದವರಿಗೆ ನೆರಳು ಕೊಡುವ ಕೆಲಸ ಎರಡೂ ಕಡೆ ಹಳೆಯದು. ಇಬ್ಬರಲ್ಲೂ ಅದು ದಾನ. ದಾನದಲ್ಲಿ ಒಂದು ಗುಣ ಉಂಟು: ತೆಗೆದುಕೊಳ್ಳುವವರಿಗೆ "ನನಗಿದು ಬೇಡ, ಅದು ಬೇಕು" ಅನ್ನುವ ಹಕ್ಕಿರುವುದಿಲ್ಲ. ಆಯ್ಕೆ ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ.

ದಾನದಲ್ಲೂ ಮರ್ಯಾದೆ ಉಳಿಸಿದ ಒಂದು ಉದಾಹರಣೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದೆ. 1521ರಲ್ಲಿ ಯಾಕೋಬ್ ಫುಗ್ಗರ್ ಎಂಬ ಸಾಹುಕಾರ ಬಡವರಿಗಾಗಿ ಕಟ್ಟಿಸಿದ ಫುಗ್ಗರೈ ಎಂಬ ಕೇರಿ. ವರ್ಷದ ಬಾಡಿಗೆ ಒಂದು ರೈನ್ ಗಿಲ್ಡರ್, ಈಗಿನ ಲೆಕ್ಕದಲ್ಲಿ 0.88 ಯೂರೋ. ದಿನಕ್ಕೆ ಮೂರು ಪ್ರಾರ್ಥನೆ ಹೇಳಬೇಕು ಎಂಬ ಷರತ್ತೂ ಇದೆ. ಇವತ್ತಿಗೂ ಅಲ್ಲಿ ಜನ ವಾಸವಾಗಿದ್ದಾರೆ, ಅವರಲ್ಲಿ ವಯಸ್ಸಾದವರೂ ಇದ್ದಾರೆ. ನನಗೆ ಹಿಡಿಸಿದ್ದು ಬಾಡಿಗೆ ಅಲ್ಲ, ಬಾಗಿಲು. ಅದು ಉದ್ದನೆಯ ಹಾಲ್ ಅಲ್ಲ, ಪ್ರತಿ ವಾಸಕ್ಕೂ ಬೀದಿಗೆ ತೆರೆಯುವ ಅದರದ್ದೇ ಬಾಗಿಲು. ಕರೆಗಂಟೆಯ ಹಿಡಿಗಳು ಒಂದೊಂದು ಒಂದೊಂದು ಆಕಾರ. ಬೀದಿದೀಪ ಇಲ್ಲದ ಕಾಲದಲ್ಲಿ ಕತ್ತಲಲ್ಲಿ ತಡವಿ ತಮ್ಮ ಮನೆ ಯಾವುದು ಅಂತ ಗುರುತಿಸಲಿ ಎಂದು ಹಾಗೆ ಮಾಡಿದ್ದಂತೆ.

ಶಿಕ್ಷೆಯ ಕಾಲ

ಇಂಗ್ಲೆಂಡಿನ ಕತೆ ಇದಕ್ಕೆ ತದ್ವಿರುದ್ಧ. 1834ರ ಬಡವರ ಕಾಯ್ದೆ ಒಂದು ತತ್ವದ ಮೇಲೆ ನಿಂತಿತ್ತು: ಸರ್ಕಾರದ ಆಶ್ರಯದಲ್ಲಿರುವವನ ಬದುಕು, ಹೊರಗೆ ದುಡಿಯುವ ಅತಿ ಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು. ಇಲ್ಲದಿದ್ದರೆ ಎಲ್ಲರೂ ಬಂದು ಕೂತುಬಿಡುತ್ತಾರೆ ಎಂಬ ಭಯ. ಹೀಗೆ ಎದ್ದವು ವರ್ಕ್‌ಹೌಸ್‌ಗಳು. ಸೋಮಾರಿಗಳನ್ನು ಹೆದರಿಸಲು ಕಟ್ಟಿದ ಈ ಕಟ್ಟಡಗಳಲ್ಲಿ ಕಡೆಗೆ ತುಂಬಿಕೊಂಡವರಲ್ಲಿ ದೊಡ್ಡ ಪಾಲು ದುಡಿಯಲಾಗದ ಮುದುಕರದು. ಒಳಗೆ ಹೋದ ಕೂಡಲೇ ಸ್ವಂತ ಬಟ್ಟೆ ಕಳಚಿ ಸಮವಸ್ತ್ರ ಹಾಕಬೇಕು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿಯೂ ಬೇರೆ ಬೇರೆ. 60 ದಾಟಿದ ದಂಪತಿ ಕೇಳಿಕೊಂಡರೆ ಅವರನ್ನು ಬೇರೆ ಮಾಡಬಾರದು ಅಂತ 1847ರಲ್ಲಿ ಕಾನೂನನ್ನೇ ತರಬೇಕಾಯಿತು!

1845ರಲ್ಲಿ ಆಂಡೋವರ್ ವರ್ಕ್‌ಹೌಸಿನ ಹಗರಣ ಹೊರಬಿತ್ತು. ಗೊಬ್ಬರಕ್ಕಾಗಿ ಮೂಳೆ ಪುಡಿ ಮಾಡುವ ಕೆಲಸಕ್ಕೆ ಹಚ್ಚಿದ್ದ ಜನ, ಹಸಿವು ತಾಳಲಾರದೆ ಆ ಮೂಳೆಗಳಲ್ಲಿ ಉಳಿದ ಮಜ್ಜೆಗಾಗಿ ಕಿತ್ತಾಡುತ್ತಿದ್ದರು. ಒಳಗಿನ ಸುದ್ದಿ ಹೊರಗೆ ಬರದಂತೆ ಇರುವ ಜಾಗದಲ್ಲಿ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ. ಹರ್ಕೊಮರ್ ಎಂಬ ಕಲಾವಿದನ 1878ರ 'ಈವೆನ್‌ಟೈಡ್' ಚಿತ್ರ ಹುಡುಕಿ ನೋಡಿ. ವೆಸ್ಟ್‌ಮಿನ್‌ಸ್ಟರ್ ವರ್ಕ್‌ಹೌಸಿನ ಮುದುಕಿಯರು. ಹೊಡೆತ ಬಡಿತ ಏನೂ ಇಲ್ಲ. ಸುಮ್ಮನೆ ಒಂದು ದೊಡ್ಡ ಖಾಲಿ ಕೋಣೆ.

1909ರ ಜನವರಿ 1ರಿಂದ ಅಲ್ಲಿ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಸಿಗತೊಡಗಿತು. ಕೈಯಲ್ಲಿ ಒಂದಿಷ್ಟು ಸ್ವಂತ ಕಾಸು ಇದ್ದವರು ವರ್ಕ್‌ಹೌಸಿನ ಬಾಗಿಲು ತಟ್ಟದೆ ಬದುಕಲು ನೋಡಿದರು. ಮುದುಕರಿಗೆ ಬೇಕಾಗಿದ್ದದ್ದು ದೊಡ್ಡ ಕಟ್ಟಡವಲ್ಲ, ಒಂದು ಸಣ್ಣ ಆದಾಯ ಎಂಬುದು ಆಗಲೇ ಗೊತ್ತಾಗಬೇಕಿತ್ತು.

ಹೋಟೆಲಿನ ಕನಸು

1948ರಲ್ಲಿ ಹಳೆಯ ಬಡವರ ಕಾಯ್ದೆಗೆ ಅಧಿಕೃತವಾಗಿ ಮಂಗಳ ಹಾಡಲಾಯಿತು. ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಕಂಡ ಕನಸು ಚೆನ್ನಾಗಿತ್ತು. ವೃದ್ಧರ ಮನೆ ಅಂದರೆ 25-30 ಜನರ ಪುಟ್ಟ ಹೋಟೆಲ್ ಇದ್ದ ಹಾಗೆ. ಒಳಗಿರುವವರು ಕೈದಿಗಳಲ್ಲ, ಅತಿಥಿಗಳು. 26 ಶಿಲಿಂಗ್ ಪಿಂಚಣಿಯಲ್ಲಿ 21 ಶಿಲಿಂಗ್ ಮನೆಗೆ ಕೊಟ್ಟು, 5 ಶಿಲಿಂಗ್ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆ ಐದು ಶಿಲಿಂಗ್ ಬಗ್ಗೆ ನಾನು ಬಹಳ ಯೋಚಿಸಿದೆ. ದುಡ್ಡು ಕೊಟ್ಟು ಇರುವವನಿಗೆ ದೂರುವ ಹಕ್ಕಿದೆ, ಜೇಬಲ್ಲಿ ಕಾಸಿರುವವನಿಗೆ ಹೊರಗೆ ಹೋಗಿ ಚಹಾ ಕುಡಿಯುವ ಸ್ವಾತಂತ್ರ್ಯ ಇದೆ.

ಕನಸು ಎಷ್ಟು ನನಸಾಯಿತು ಅಂತ ನೋಡಲು ಹೊರಟವನು ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞ. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ಮನೆಗಳಿಗೆ ಅವನ ಅಧ್ಯಯನಕ್ಕಾಗಿ ಭೇಟಿ ಕೊಡಲಾಯಿತು. ಮೇಲ್ವಿಚಾರಕರನ್ನು ಮಾತಾಡಿಸಿದ್ದಲ್ಲದೆ ಹೊಸದಾಗಿ ಸೇರಿದ ವೃದ್ಧರನ್ನೂ ಮಾತಾಡಿಸಿದ, ಫೋಟೋ ತೆಗೆದ. 1962ರಲ್ಲಿ ಬಂದ 'ದ ಲಾಸ್ಟ್ ರೆಫ್ಯೂಜ್' ಎಂಬ ಪುಸ್ತಕ ಹೇಳಿದ ಸುದ್ದಿ ಒಳ್ಳೆಯದಾಗಿರಲಿಲ್ಲ. ಬೋರ್ಡು ಬದಲಾಗಿತ್ತು, ಎಷ್ಟೋ ಕಡೆ ಕಟ್ಟಡ ಅದೇ ಹಳೇ ವರ್ಕ್‌ಹೌಸ್. ಸಾಲುಸಾಲು ಮಂಚ, ಗೋಡೆಗೆ ಒರಗಿಸಿಟ್ಟ ಕುರ್ಚಿ, ದಿನವಿಡೀ ಮಾಡಲು ಏನೂ ಇಲ್ಲ.

ಟೌನ್‌ಸೆಂಡ್ ಬರೀ ಬೈದು ಬಿಡಲಿಲ್ಲ, ಅಳೆಯುವುದಕ್ಕೆ ಒಂದು ಅಳತೆಗೋಲು ಮಾಡಿದ. ಕಟ್ಟಡದ ಸೌಲಭ್ಯ, ಸಿಬ್ಬಂದಿ ಮತ್ತು ಸೇವೆ, ಹೊತ್ತು ಕಳೆಯಲು ಕೆಲಸ, ದಿನನಿತ್ಯದ ಸ್ವಾತಂತ್ರ್ಯ, ಜನರ ಒಡನಾಟ... ಹೀಗೆ ತಲೆಬರಹ ಹಾಕಿ ಒಂದೊಂದು ಮನೆಗೂ ಅಂಕ ಕೊಟ್ಟ. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಎಕ್ಸೆಲ್ ಇಲ್ಲದೆ ಮಾಡಿದ ಎಕ್ಸೆಲ್ ಶೀಟು ಅದು! ಕೊನೆಗೆ ಅವನು ತಲುಪಿದ ತೀರ್ಮಾನ ಮಾತ್ರ ಕಟುವಾಗಿತ್ತು. ಇಂಥ ಮನೆಗಳನ್ನು ಸುಧಾರಿಸುವುದಕ್ಕಿಂತ, ಮುದುಕರು ಅವರವರ ಮನೆಯಲ್ಲೇ ಇರುವಂತೆ ನೆರವು ಕೊಡುವುದು ಮೇಲು ಅಂದ. ಅವನ ದಾಖಲೆಗಳನ್ನು ಹಿಡಿದು ಮತ್ತೆ ಕೆಲವು ಸಂಶೋಧಕರು ಆ 173 ಮನೆಗಳು ಏನಾದವು ಅಂತ ಹುಡುಕಿ, ಇನ್ನೂ ನಡೆಯುತ್ತಿದ್ದ 20 ಮನೆಗಳನ್ನು ನೋಡಿ 2010ರಲ್ಲಿ ಪುಸ್ತಕ ಬರೆದರು.

1965ರಲ್ಲಿ ಬಾರ್ಬರಾ ರಾಬ್ ಎಂಬ ಹೆಂಗಸು ಲಂಡನ್ನಿನ ಫ್ರಿಯರ್ನ್ ಆಸ್ಪತ್ರೆಗೆ ಪರಿಚಯದ ಮುದುಕಿಯೊಬ್ಬರನ್ನು ನೋಡಲು ಹೋದರು. ಅಲ್ಲಿನ ವಾರ್ಡಿನಲ್ಲಿ ಮುದುಕಿಯರ ಕನ್ನಡಕ, ಹಲ್ಲುಸೆಟ್ಟು, ಕಿವಿಯ ಮೆಷಿನ್ನು ಎಲ್ಲ ತೆಗೆದಿಟ್ಟುಬಿಡುತ್ತಿದ್ದರು. ಕಳೆದುಹೋಗುತ್ತವೆ ಎಂಬ ನೆಪ. ಯೋಚಿಸಿ: ಕನ್ನಡಕ ಇಲ್ಲ, ಕಿವಿ ಕೇಳುವುದಿಲ್ಲ, ಹಲ್ಲಿಲ್ಲದೆ ಮಾತು ತೊದಲು. ಅಂಥವರನ್ನು ನೋಡಿದ ಯಾರಿಗೇ ಆದರೂ "ಅಜ್ಜಿಗೆ ಅರಳುಮರುಳು" ಅಂತಲೇ ಅನಿಸುತ್ತದೆ. ರಾಬ್ 1967ರಲ್ಲಿ 'ಸಾನ್ಸ್ ಎವರಿಥಿಂಗ್' ಎಂಬ ಪುಸ್ತಕ ತಂದರು. ಅಧಿಕಾರಿಗಳು ಮೊದಲು ಎಲ್ಲ ಸುಳ್ಳು ಅಂದರು. 1969ರಲ್ಲಿ ಕಾರ್ಡಿಫ್‌ನ ಈಲಿ ಆಸ್ಪತ್ರೆಯ ತನಿಖಾ ವರದಿ ಬಂದ ಮೇಲೆ ಸುಳ್ಳು ಅನ್ನುವುದು ಕಷ್ಟವಾಯಿತು. ಆಸ್ಪತ್ರೆಗಳನ್ನು ಹೊರಗಿನವರು ಬಂದು ನೋಡುವ ವ್ಯವಸ್ಥೆ ಆಮೇಲೆ ಹುಟ್ಟಿತು. ಇವತ್ತು ಇಂಗ್ಲೆಂಡಿನಲ್ಲಿ ಪ್ರತಿ ಮನೆಗೂ ತಪಾಸಣೆಯ ವರದಿ, ನಾಲ್ಕು ದರ್ಜೆಯ ರೇಟಿಂಗ್ ಇದೆ, ಯಾರು ಬೇಕಾದರೂ ಓದಬಹುದು.

ಗಿಡಕ್ಕೆ ನೀರು ಹಾಕುವವರು ಯಾರು?

ಅಮೆರಿಕದಲ್ಲಿ ಇನ್ನೊಂದು ದಾರಿ. 1935ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಡ ವೃದ್ಧರಿಗೆ ನೆರವು ಕೊಟ್ಟಿತು, ಆದರೆ ಸರ್ಕಾರಿ ಆಶ್ರಯಮನೆಯಲ್ಲಿ ಇರುವವರಿಗೆ ಇಲ್ಲ ಅಂದಿತು. ಹಳೇ ಬಡವರ ಮನೆಗಳು ಖಾಲಿಯಾಗಲಿ ಎಂಬ ಸದುದ್ದೇಶ. ಆದದ್ದೇನೆಂದರೆ, ಆ ವೃದ್ಧರೆಲ್ಲ ಖಾಸಗಿ ವಸತಿಗಳಿಗೆ ಹೋದರು, ಅವೇ ಬೆಳೆದು ನರ್ಸಿಂಗ್ ಹೋಮ್ ಎಂಬ ಉದ್ಯಮವಾಯಿತು. 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಬಂದ ಮೇಲೆ ಅದಕ್ಕೆ ಇನ್ನಷ್ಟು ದುಡ್ಡು ಹರಿಯಿತು. ಆಸ್ಪತ್ರೆಯ ಮಾದರಿಯಲ್ಲೇ ಮನೆಗಳೂ ಬೆಳೆದವು: ಉದ್ದ ಕಾರಿಡಾರ್, ನರ್ಸ್ ಕೂರುವ ಕಟ್ಟೆ, ಗಂಟೆ ಹೊಡೆದಾಗ ಊಟ. ಬಿದ್ದುಬಿಡುತ್ತಾರೆ ಅಂತ ಕುರ್ಚಿಗೆ ಕಟ್ಟಿಹಾಕುವುದೂ ಸಾಮಾನ್ಯವಾಗಿತ್ತು. ಅನಗತ್ಯವಾಗಿ ಕಟ್ಟಿಹಾಕುವಂತಿಲ್ಲ ಅಂತ ಅಲ್ಲಿ ಕಾನೂನು ಹೇಳಿದ್ದು 1987ರಲ್ಲಿ.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರಾಡಿನ್ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧ. ಒಂದು ಮಹಡಿಯವರಿಗೆ "ಗಿಡ ಬೇಕಾ? ಯಾವುದು ಬೇಕು? ನೀವೇ ನೋಡಿಕೊಳ್ಳಿ. ಸಿನಿಮಾ ಯಾವ ದಿನ ನೋಡುತ್ತೀರಿ, ನೀವೇ ಹೇಳಿ" ಎಂಬ ಧಾಟಿಯಲ್ಲಿ ಹೇಳಿದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ನರ್ಸ್ ಹಾಕುತ್ತಾರೆ, ಸಿನಿಮಾದ ದಿನವನ್ನೂ ಅವರೇ ತಿಳಿಸುತ್ತಾರೆ. ಹದಿನೆಂಟು ತಿಂಗಳ ನಂತರ ನೋಡಿದಾಗ ಮೊದಲ ಗುಂಪಿನ 47 ಜನರಲ್ಲಿ 7 ಮಂದಿ ತೀರಿಕೊಂಡಿದ್ದರು, ಎರಡನೇ ಗುಂಪಿನ 44ರಲ್ಲಿ 13 ಮಂದಿ. ಬಹಳ ಸಣ್ಣ ಪ್ರಯೋಗ, ಸಾವಿನ ಲೆಕ್ಕದ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು. ಆದರೆ ಚುರುಕಿನಲ್ಲಿ, ಗೆಲುವಿನಲ್ಲಿ ಕಂಡ ವ್ಯತ್ಯಾಸ ಜನರನ್ನು ಯೋಚನೆಗೆ ಹಚ್ಚಿತು. 1983ರಲ್ಲಿ ಕೆರೆನ್ ಬ್ರೌನ್ ವಿಲ್ಸನ್ ಆರೆಗಾನ್‌ನಲ್ಲಿ ತೆರೆದ ಮನೆಯಲ್ಲಿ ಪ್ರತಿ ವೃದ್ಧರಿಗೂ ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು, ಸ್ವಂತ ಅಡುಗೆ ಮೂಲೆ. 1991ರಲ್ಲಿ ಬಿಲ್ ಥಾಮಸ್ ಎಂಬ ಡಾಕ್ಟರು ನ್ಯೂಯಾರ್ಕ್ ರಾಜ್ಯದ ನರ್ಸಿಂಗ್ ಹೋಮ್ ಒಂದಕ್ಕೆ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿ ತಂದುಬಿಟ್ಟರು! ಫುಗ್ಗರೈನ ಬಾಗಿಲು 460 ವರ್ಷ ಸುತ್ತಿ ವಾಪಸ್ ಬಂದ ಹಾಗೆ ನನಗನಿಸಿತು.

ನಮ್ಮ ಕಡೆ

ಚೆನ್ನೈನ ಮೋನೆಗಾರ್ ಛತ್ರ 1782ರ ಬರಗಾಲದಲ್ಲಿ ಗಂಜಿ ಹಾಕಲು ಶುರುವಾದದ್ದು. ಅದರ ಆಸ್ಪತ್ರೆಯ ಭಾಗವೇ ಮುಂದೆ ಸ್ಟಾನ್ಲಿ ಆಸ್ಪತ್ರೆ ಆಯಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಓಡಾಡುವವರು ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ನಡೆಸುವ ವೃದ್ಧರ ಮನೆ ನೋಡಿರಬಹುದು. 1900ರಿಂದ ಇದೆ. ಈ ಪಂಥ ಹುಟ್ಟಿದ ಬಗೆ ಸರಳ: 1839ರಲ್ಲಿ ಫ್ರಾನ್ಸಿನ ಝಾನ್ ಜುಗಾಂ ಎಂಬ ಬಡ ಹೆಂಗಸು ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟು, ತಾನು ಅಟ್ಟದಲ್ಲಿ ಮಲಗಿದಳು. ಅಷ್ಟೇ. ಪಂಥ 1882ರಲ್ಲಿ ಕೋಲ್ಕತಾಗೆ ಬಂತು, ಆಮೇಲೆ ನಮ್ಮೂರಿಗೆ.

ಇನ್ನು ಕಾನೂನು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮಕ್ಕಳ ಮೇಲೆ ಪೋಷಣೆಯ ಹೊಣೆ ಹೊರಿಸಿತು. ಮಕ್ಕಳಿಲ್ಲದವರಿಗೆ? ಅವರ ಆಸ್ತಿ ಯಾರ ಕೈಯಲ್ಲಿದೆಯೋ ಅಥವಾ ಮುಂದೆ ಯಾರಿಗೆ ಸೇರುತ್ತದೋ ಆ ನೆಂಟರದ್ದೇ ಹೊಣೆ. ನಮ್ಮ "ಜನ ಏನಂದಾರು" ಬಳಗಕ್ಕೆ ನಾನು ಇದನ್ನು ಓದಿ ಹೇಳಿದ ಮೇಲೆ ಫೋನುಗಳು ಕಡಿಮೆಯಾಗಿವೆ :-) ಜಿಲ್ಲೆಗೆ ಕನಿಷ್ಠ ಒಂದು, 150 ಜನ ಬಡ ಹಿರಿಯರಿಗೆ ಸಾಲುವಂಥ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದೂ ಕಾಯ್ದೆ ಹೇಳುತ್ತದೆ. 'ಸ್ಥಾಪಿಸಬಹುದು' ಅಂತಿದೆ, 'ಸ್ಥಾಪಿಸಲೇಬೇಕು' ಅಂತಿಲ್ಲ. ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲ ಸೇರಿಸಿ 2019ರಲ್ಲಿ ತಂದ ತಿದ್ದುಪಡಿ ಮಸೂದೆ, 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಹಾಗಾಗಿ ಇಂಗ್ಲೆಂಡಿನವರ ಹಾಗೆ ತಪಾಸಣೆಯ ವರದಿ ತೆರೆದು ಓದುವ ಸೌಕರ್ಯ ನಮಗಿಲ್ಲ. ನಾವೇ ಹೋಗಿ ನೋಡಬೇಕು, ನಾವೇ ಕೇಳಬೇಕು.

ನಾನು ಮಾಡಿಕೊಂಡ ಪಟ್ಟಿ

ಟೌನ್‌ಸೆಂಡ್‌ನ ತಲೆಬರಹಗಳನ್ನೇ ಇಟ್ಟುಕೊಂಡು ಒಂದು ಶೀಟು ಮಾಡಿದೆ. ಬೆಂಗಳೂರು, ಮೈಸೂರು, ಶಿವಮೊಗ್ಗ ಸುತ್ತಮುತ್ತ ನಾಲ್ಕು ಜಾಗ ನೋಡಿದೆ. ಹೆಸರು ಬೇಡ. ಒಂದು ಕಡೆ ಮಾರ್ಬಲ್ ಹಾಸಿದ ಲಾಬಿ, ಮೇಲಿನ ಮಹಡಿಯಲ್ಲಿ ಬೆಳಗಿನ ಹನ್ನೊಂದಕ್ಕೆ ಹದಿನೈದು ಜನ ಟಿವಿಗೆ ಮುಖ ಮಾಡಿ ಕೂತಿದ್ದರು, ಟಿವಿ ಆಫ್ ಆಗಿತ್ತು. ಇನ್ನೊಂದು ಕಡೆ ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷವಾಗಿತ್ತೋ, ಆದರೆ ಜಗಲಿಯಲ್ಲಿ ಮೂವರು ಅಜ್ಜಿಯರು ಹುರುಳಿಕಾಯಿ ಸೋಸುತ್ತಾ ಯಾರನ್ನೋ ಆಡಿಕೊಂಡು ನಗುತ್ತಿದ್ದರು.

ಪಟ್ಟಿಯಲ್ಲಿ ಇರುವುದು ಇಷ್ಟು:

1. ಹೇಳದೆ ಹೋದರೆ ಒಳಗೆ ಬಿಡುತ್ತಾರಾ? (ಆಂಡೋವರ್ ಪಾಠ.) ಒಮ್ಮೆ ಹಗಲು, ಒಮ್ಮೆ ಸಂಜೆ ಊಟದ ಹೊತ್ತಿಗೆ ಹೋಗಿ.

2. ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ಸ್ವಂತ ಬಟ್ಟೆ, ಸ್ವಂತ ಕಪಾಟು, ದೇವರ ಫೋಟೋಗೆ ಒಂದು ಗೂಡು? ದಂಪತಿಗೆ ಒಂದೇ ಕೋಣೆ ಕೊಡುತ್ತಾರಾ?

3. ಅಲ್ಲಿರುವವರು ಕನ್ನಡಕ, ಹಲ್ಲುಸೆಟ್ಟು, ಕಿವಿಯ ಮೆಷಿನ್ ಹಾಕಿಕೊಂಡಿದ್ದಾರಾ? ಇದನ್ನು ಕೇಳಬೇಕಿಲ್ಲ, ಕಣ್ಣಾರೆ ನೋಡಬಹುದು. ಯಾರನ್ನಾದರೂ ಕುರ್ಚಿಗೋ ಮಂಚಕ್ಕೋ ಕಟ್ಟಿದ್ದಾರಾ ಎಂಬುದನ್ನೂ.

4. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ? ಎರಡು ಗಂಟೆಗೆ ಎದೆನೋವು ಬಂದರೆ ಯಾವ ಆಸ್ಪತ್ರೆ, ಯಾವ ವಾಹನ?

5. ಕೈಖರ್ಚಿಗೆ ದುಡ್ಡು ಯಾರ ಹತ್ತಿರ ಇರುತ್ತದೆ? (ಬೆವನ್‌ನ 5 ಶಿಲಿಂಗ್.) ಡಿಪಾಸಿಟ್ ವಾಪಸ್ ಬರುವ ಷರತ್ತೇನು, ಬರವಣಿಗೆಯಲ್ಲಿ ಕೊಡುತ್ತಾರಾ?

6. ಹಾಸಿಗೆ ಹಿಡಿದರೆ ಅಥವಾ ಮರೆವಿನ ಕಾಯಿಲೆ ಬಂದರೆ ಇಟ್ಟುಕೊಳ್ಳುತ್ತಾರಾ, ಕರೆದುಕೊಂಡು ಹೋಗಿ ಅನ್ನುತ್ತಾರಾ? ಬಹಳ ಕಡೆ ಈ ಪ್ರಶ್ನೆಗೆ ನೇರ ಉತ್ತರ ಸಿಗಲಿಲ್ಲ.

7. ಗಿಡಕ್ಕೆ ನೀರು ಯಾರು ಹಾಕುತ್ತಾರೆ?

ಈ ಶೀಟನ್ನು ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು. "ಬೆಳಿಗ್ಗೆ ಐದಕ್ಕೆ ಎಚ್ಚರ ಆಗ್ತದೆ ನಂಗೆ. ಕಾಫಿ ನಾನೇ ಮಾಡ್ಕೊಳ್ಳಲಿಕ್ಕೆ ಬಿಡ್ತಾರಾ?" ನಾಲ್ಕು ಜಾಗಕ್ಕೂ ಮತ್ತೆ ಫೋನ್ ಮಾಡಿ ಕೇಳಿದೆ. ಮೂವರು "ಏಳಕ್ಕೆ ನಾವೇ ಕೊಡ್ತೀವಿ ಸಾರ್, ಅವರು ಯಾಕೆ ತೊಂದರೆ ತಗೋಬೇಕು" ಅಂದರು. ಒಬ್ಬರು, ಆ ಸುಣ್ಣ ಹೊಡೆಯದ ಮನೆಯವರು, "ಡಿಕಾಕ್ಷನ್ ರಾತ್ರಿಯೇ ಹಾಕಿಟ್ಟಿರ್ತೀವಿ, ಹಾಲು ಬಿಸಿ ಮಾಡ್ಕೊಳ್ಳಲಿ" ಅಂದರು. ಅತ್ತೆ ಮುಂದಿನ ತಿಂಗಳು ಅಲ್ಲಿ ಹದಿನೈದು ದಿನ ಇದ್ದು ನೋಡುತ್ತಾರೆ. ಊರಿನ ಮನೆಯನ್ನು ಹಾಗೇ ಇಟ್ಟಿದ್ದೇವೆ. ಹಿಡಿಸದಿದ್ದರೆ ವಾಪಸ್ ಬರುವ ದಾರಿ ಇರಬೇಕಲ್ಲ. ಟೌನ್‌ಸೆಂಡ್ ಹೇಳಿದ ಹಾಗೆ ಮನೆಯಲ್ಲೇ ನೆರವು ಸಿಗುವ ವ್ಯವಸ್ಥೆ ಸಾಗರದ ಆ ಮೂಲೆಗೆ ಬಂದಿದ್ದರೆ ಈ ಹುಡುಕಾಟವೇ ಬೇಕಿರಲಿಲ್ಲ.

ಹಿರಿಯರ ಸಹಾಯಕ್ಕೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಇವತ್ತೇ ಸೇವ್ ಮಾಡಿ ಕೊಡಿ. ನಿಮ್ಮೂರಿನ ಕಡೆ ಯಾವುದಾದರೂ ಮನೆ ನೋಡಿದ್ದರೆ, ಅಲ್ಲಿ ಕಂಡದ್ದನ್ನು ನೀವೂ ಬರೆಯಿರಿ. ತಪಾಸಣೆಯ ವರದಿ ಬರೆಯುವವರು ಬರುವ ತನಕ ನಾವು ಬರೆದದ್ದೇ ವರದಿ.